ಎರಡು ಸಲ ಬಗ್ಗಿದ ಅತ್ತೆ

ನನ್ನ ತಮ್ಮ, ಬೆಳಗಾದರೆ ಸೂರ್ಯ ಹುಟ್ಟಿದ್ದನ್ನೂ ಎರಡು ಸಲ ನೋಡಿ ಖಾತ್ರಿ ಮಾಡಿಕೊಳ್ಳುವ ಮನುಷ್ಯ. ಬಾಗಲಕೋಟೆ ಜಿಲ್ಲೆಯಾಯಿತೆಂದು ಪೇಪರಿನಲ್ಲಿ ಬಂದಾಗಲೂ, ಅಲ್ಲಿಗೇ ಹೋಗಿ ಕಚೇರಿಯ ಬೋರ್ಡು ಓದಿಬಂದ ಮೇಲೆಯೇ ನಂಬಿದ.

ಅವನು ಇಳಕಲ್ಲಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತನಾದವ. ಒಮ್ಮೆ ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟಿನ ಅಂಗಡಿಯವನನ್ನು ಹಿಡಿದುಕೊಂಡ. "ಇದರಾಗಿನ ಅಂಟು ಯಾವ ಗಿಡದ್ದು?"

"ಸರ, ಗಿಡದ ಹೆಸರು ಕೇಳಿದವರು ಇವತ್ತಿನ ತನಕ ಕರದಂಟು ಕೊಂಡಿಲ್ಲರಿ."

ಅವನೂ ಕೊಳ್ಳಲಿಲ್ಲ.

ಅವನ ಅಂಗಳದಲ್ಲಿ ತುಳಸಿಗೂ ಲ್ಯಾಟಿನ್ ಹೆಸರಿನ ತಗಡು. ಕಲ್ಲುಸಂದಿಯಲ್ಲಿ ಬೆಳೆದ ಒಂದು ಕಸದ ಗಿಡಕ್ಕೂ 'ಪಾರ್ವುಲಾ' ಎಂದು ಬರೆದಿದ್ದ. ದಿನಾ ಕಸ ಗುಡಿಸದೆ ಚಹಾ ಕುಡಿಯದವಳು ನಾನು; ಸಿಟ್ಟು ಬಂತು.

"ಇಷ್ಟು ಸಣ್ಣದಕ್ಕ ಅಷ್ಟು ಉದ್ದ ಹೆಸರ್ಯಾಕೋ?"

"ಲ್ಯಾಟಿನ್ ಭಾಷಾದಾಗ ಪಾರ್ವುಸ್ ಅಂದ್ರ ಸಣ್ಣದು. ಅದಕ್ಕ ಒಂದು ಬಾಲ ಹಚ್ಚಿದ್ರ ಪಾರ್ವುಲುಸ್, ಪುಟಾಣಿ. ಹೆಣ್ಣಾದ್ರ ಪಾರ್ವುಲಾ. ಸಣ್ಣದು ಅನ್ನೋದು ಅಳತಿ ಅಕ್ಕಾ, ಇದು ಮುದ್ದು."

ಮುದ್ದು, ಇವನ ಬಾಯಲ್ಲಿ? ಅವನ ಸೊಸೆ ಆಗ ಬಸುರಿ; ಹುಟ್ಟುವ ಕೂಸಿಗೂ ಲ್ಯಾಟಿನ್ ಹೆಸರಿಡುತ್ತಾನೇನೋ ಎಂದು ನನಗೆ ಅನುಮಾನ ಶುರುವಾದದ್ದು ಅಂದೇ.

ಆ ವರ್ಷ ಅವನ ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು. ಬಾಗಲಕೋಟೆಯ ದವಾಖಾನೆಯವರು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಉಳಿಯುತ್ತಾಳೆಂದು ಯಾರೂ ಖಚಿತವಾಗಿ ಹೇಳಲಿಲ್ಲ. ಹೆಸರಿಡುವ ಮಾತೆತ್ತಿದರೆ ತಮ್ಮ, "ತಡೀರಿ" ಎನ್ನುವನು. ಕೂಸಿನ ಅಪ್ಪನಿಗೆ, ಅಂದರೆ ತಮ್ಮನ ಮಗನಿಗೆ, ಅಕ್ಕತಂಗಿಯರಿಲ್ಲ. ತೊಟ್ಟಿಲಲ್ಲಿ ಹೆಸರು ಕರೆಯುವ ಅತ್ತೆಯ ಹಕ್ಕು ಅವನ ಸೋದರತ್ತೆಯಾದ ನನ್ನದು. ಇವನು ಲ್ಯಾಟಿನ್ ಹೆಸರು ಹುಡುಕುತ್ತಿದ್ದಾನೆಂದು ಖಾತ್ರಿಯಾಗಿ, ಬೆಳಗಿನ ಬಸ್ಸು ಹಿಡಿದು ದವಾಖಾನೆಗೇ ಹೋದೆ.

ತಮ್ಮ ಕೂಸಿನ ಕೋಣೆಯ ಕಿಟಕಿಯ ಗಾಜಿಗೆ ಹಣೆ ಹಚ್ಚಿ ಗುನುಗುತ್ತ ನಿಂತಿದ್ದ. "ಪಾರ್ವುಲಾ, ಪಾರ್ವುಲಾ."

"ಸಿಕ್ಕಿಬಿದ್ದಿ. ಇದೇನು ಕೂಸಿನ ಹೆಸರು?"

"ಹೆಸರಲ್ಲಕ್ಕಾ, ವಿಶೇಷಣ. ಹೆಸರಿಟ್ಟ ಮ್ಯಾಲೆ ಕೂಸು ಹೋದ್ರ, ಆ ಹೆಸರು ಹೊತಗೊಂಡು ನಾ ಎಲ್ಲಿ ಹೋಗ್ಲಿ?"

ನಾನೂ ಅವನ ಪಕ್ಕದಲ್ಲಿ ಗಾಜಿಗೆ ಹಣೆ ಹಚ್ಚಿದೆ.

ಕೂಸು ಉಳಿದು ಮನೆಗೆ ಬಂತು. ತೊಟ್ಟಿಲ ದಿನ ಅತ್ತೆಯಾದವಳು ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳುವಾಗ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುವುದು ನಮ್ಮ ಪದ್ಧತಿ. ನಮ್ಮ ಅವ್ವನ ಹೆಸರು ಹೇಳಿದೆ, ಗುದ್ದು ತಿಂದೆ. ಮತ್ತೆ ಬಗ್ಗಿದೆ, ಮತ್ತೆ ತಿಂದೆ.

ಬಾಗಿಲಲ್ಲಿದ್ದ ತಮ್ಮ ಹತ್ತಿರ ಬಂದ. "ಎರಡು ಸಲ ಬಗ್ಗಿದ್ಯಲ್ಲ ಅಕ್ಕಾ. ಏನಂದಿ?"

"ಮೊದಲನೇದು ಹೆಸರು."

"ಎರಡನೇದು?"

"ನಿನ್ನ ಕಸದ್ದು."

ಅವನು ಮತ್ತೆ ಕೇಳಿ ಖಾತ್ರಿ ಮಾಡಿಕೊಳ್ಳಲಿಲ್ಲ. ತೊಟ್ಟಿಲಿನ ಹಗ್ಗ ಹಿಡಿದು, ಮೆಲ್ಲಗೆ ತೂಗತೊಡಗಿದ.