ರಾಮಾಪುರದಲ್ಲಿ ಮಡಿಲು ತುಂಬಿದ ವಿದ್ಯಾರ್ಥಿವೇತನ

"ಆಗಸ್ಟ್ ಹನ್ನೆರಡು. ತಮ್ಮನಿಗೂ ಅವನ ಹೆಂಡತಿಗೂ ಒಂದೇ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಹೇಳುವ ಕೆಲಸ ಸಿಕ್ಕಿತು. ಸುದ್ದಿ ಕೇಳಿ ಪಕ್ಕದ ಮನೆಯಾಕೆ ಕೆಟ್ಟುಹೋದ ಮಿಕ್ಸಿಯನ್ನು ರಿಪೇರಿಗೆಂದು ತಂದಿಟ್ಟು ಹೋದರು." ನನ್ನ ಹಳೆಯ ಡೈರಿಯಲ್ಲಿ ಹೀಗಿದೆ. ಬಿ.ಎಸ್ಸಿ. ಮುಗಿಸಿದಾಗಿನಿಂದ ಬಿಡದೆ ಡೈರಿ ಬರೆದವಳು ನಾನು. ಯಾವ ಪುಟ ತಿರುವಿದರೂ ಆ ದಂಪತಿಗಳ ಸುತ್ತ ಇಂಥದೇ ಏನಾದರೊಂದು ನಡೆದಿರುತ್ತದೆ. ಅವರು ತೀರಿಕೊಂಡ ಮೇಲೂ ಅದು ನಿಂತಿಲ್ಲ.

೧. ಮನೆಯಲ್ಲಿ ಏನು ಮಾತು?

ರಜಕ್ಕೆ ಅವರಿಬ್ಬರೂ ಕೊಳ್ಳೇಗಾಲದ ನಮ್ಮ ಮನೆಗೆ ಬಂದಿದ್ದರು. ಯಳಂದೂರಿನಿಂದ ಬಂದಿದ್ದ ನಮ್ಮ ಸೋದರತ್ತೆಗೆ ಬಹಳ ದಿನದ ಕುತೂಹಲ. ತಮ್ಮನ ಹೆಂಡತಿಯನ್ನು ಕೇಳಿಯೇಬಿಟ್ಟರು. "ಅಲ್ಲ ಕಣವ್ವ, ಇಬ್ರೂ ಅದೇ ಪಾಠವ ಮಾಡಿದ್ರೆ ಮನೇಲಿ ಏನ ಮಾತಾಡ್ತೀರಿ?"

"ಅದನ್ನೇ ಅತ್ತೆ. ಅವರು ಬರೆದ ಪ್ರೋಗ್ರಾಮಿನಲ್ಲಿ ನಾನು ತಪ್ಪು ಹುಡುಕ್ತೀನಿ, ನನ್ನದರಲ್ಲಿ ಅವರು ಹುಡುಕ್ತಾರೆ."

ಅತ್ತೆ ಗಲ್ಲಕ್ಕೆ ಕೈಯಿಟ್ಟರು. "ಅದಕ್ಯಾಕವ್ವ ಅಷ್ಟೊಂದು ಓದು? ನಾನೂ ನಿಮ್ಮ ಮಾವನೂ ಮದುವೆಯಾದಾಗ್ಲಿಂದ ಅದನ್ನೇ ಮಾಡ್ತಾ ಇಲ್ವಾ?"

೨. ಊಟ ಯಾವ ಛತ್ರದಲ್ಲಿ?

ಒಂದೇ ವರ್ಷದಲ್ಲಿ ಇಬ್ಬರೂ ತೀರಿಕೊಂಡರು. ಮಕ್ಕಳಿರಲಿಲ್ಲ. ಅವರ ಉಳಿತಾಯದಲ್ಲಿ ಅವರಿಬ್ಬರ ಹೆಸರಿನಲ್ಲೇ ವಿದ್ಯಾರ್ಥಿವೇತನ ಕೊಡುವುದೆಂದು ನಾನು ತೀರ್ಮಾನಿಸಿದೆ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಿಂದ ಕಂಪ್ಯೂಟರ್ ಸೈನ್ಸ್ ಓದಲು ಹೊರಟ ಒಬ್ಬ ಹುಡುಗಿಗೆ ಓದು ಮುಗಿಯುವವರೆಗೆ ಪೂರ್ತಿ ಫೀಸು. ದಂಪತಿಗಳ ಚಂದದ ಫೋಟೋ, ಕೆಳಗೆ ನನ್ನ ನಂಬರು ಹಾಕಿಸಿ ಅಲ್ಲಲ್ಲಿ ಫ್ಲೆಕ್ಸ್ ಕಟ್ಟಿಸಿದೆ.

ಮಾರನೆಯ ಬೆಳಿಗ್ಗೆ ಮಾಂಬಳ್ಳಿಯಿಂದ ಫೋನು. "ಅಮ್ಮಾರೇ, ಫ್ಲೆಕ್ಸ್ ನೋಡ್ದೋ. ಪಾಪ, ಒಳ್ಳೆ ಜೋಡಿ. ತಿಥಿ ಊಟ ಯಾವ ಛತ್ರದಲ್ಲಿ?"

"ಊಟ ಇಲ್ಲಪ್ಪ, ಅದು ವಿದ್ಯಾರ್ಥಿವೇತನ."

"ಅಂದ್ರೆ, ಬಾಡೂಟ ಇಲ್ಲ ಅನ್ನಿ."

೩. ಅಜ್ಜಿಯ ಪ್ರಶ್ನೆಗಳು

ಊಟ ಕೇಳದೆ ಫೀಸು ಕೇಳಿದವಳು ಹನೂರು ಕಡೆಯ ರಾಮಾಪುರದ ಒಬ್ಬ ಹುಡುಗಿ. ತಂದೆತಾಯಿ ಹೊಲದ ಕೂಲಿ ಮಾಡುವವರು. ಮೈಸೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಶನಿವಾರ ಸಂಜೆಯೊಳಗೆ ಫೀಸು ಕಟ್ಟದಿದ್ದರೆ ಆ ಸೀಟು ಬೇರೆಯವರ ಪಾಲು. ನಾನು ಕಟ್ಟುತ್ತೇನೆ ಎಂದು ಮಾತು ಕೊಟ್ಟಿದ್ದೆ. ಶುಕ್ರವಾರ ಅವಳು ಅಳುತ್ತಾ ಫೋನು ಮಾಡಿದಳು. "ಅಜ್ಜಿ ಬ್ಯಾಡ ಅಂತದೆ ಮೇಡಂ."

ಶನಿವಾರ ಬೆಳಿಗ್ಗೆಯೇ ನಮ್ಮ ಯಜಮಾನರಿಗೆ ಕಾರು ತೆಗೆಯಲು ಹೇಳಿ ಹೊರಟೆ. ಅವರು ಬೇವಿನ ಮರದ ನೆರಳಲ್ಲಿ ಕಾರು ನಿಲ್ಲಿಸಿ ಒಳಗೇ ಉಳಿದರು. ನಾನು ಹುಡುಗಿಯ ಮನೆಯ ಜಗಲಿ ಹತ್ತಿದೆ.

ಅಜ್ಜಿ ನೇರವಾಗಿಯೇ ಹೇಳಿದರು. "ತಪ್ಪು ತಿಳ್ಕಬೇಡಿ ಕಣವ್ವ. ಸತ್ತೋರ ಹೆಸರಲ್ಲಿ ಕೊಡೋದ ಮದುವೆಯಾಗ್ದಿರೋ ಹೆಣ್ಣು ಈಸ್ಕಬಾರ್ದು."

ನಾನು ವಿದ್ಯೆಯ ಮಹಿಮೆಯನ್ನು ವಿವರವಾಗಿ ಹೇಳಿದೆ. ಅಜ್ಜಿ ಎಲೆಯಡಿಕೆ ಮುಗಿಯುವವರೆಗೆ ಕೇಳಿಸಿಕೊಂಡು, "ಅದಿರ್ಲಿ. ಆ ಗಂಡ ಎಡ್ತೀಲಿ ಮೊದ್ಲು ತೀರ್ಕಂಡೋರು ಯಾರು?" ಎಂದರು.

"ಅವಳು. ಆರು ತಿಂಗಳಾದ ಮೇಲೆ ನನ್ನ ತಮ್ಮ."

"ಅಯ್ಯೋ ಶಿವನೇ, ಮುತ್ತೈದೆ ಸಾವಾ! ಅದ ಮೊದ್ಲೇ ಯೋಳಬಾರ್ದಾ?" ಅಜ್ಜಿ ಎದ್ದೇಬಿಟ್ಟರು. "ಅಂಗಾರೆ ಇದು ತಿಥಿ ದಾನ ಅಲ್ಲ. ಮುತ್ತೈದೆ ಕೊಡೋ ಮಡ್ಲಕ್ಕಿ. ಹೆಣ್ಮಗ ಊರ ಬಿಟ್ಟು ಓಯ್ತಾ ಅದೆ, ಮಡ್ಲ ತುಂಬಿ ಕಳ್ಸಿ. ಆದ್ರೆ ತುಂಬೋರೂ ಮುತ್ತೈದೆ ಆಗಿರ್ಬೇಕು. ನಿಮ್ ಯಜಮಾನ್ರು ಅವ್ರಾ?"

"ಇದ್ದಾರೆ. ಕಾರಲ್ಲಿ."

"ತೋರ್ಸಿ."

ಹೋಗಿ ನೋಡಿದರೆ ಯಜಮಾನರು ಕತ್ತು ಹಿಂದಕ್ಕೆ ಚೆಲ್ಲಿ ಬಾಯಿ ತೆರೆದು ಮಲಗಿದ್ದಾರೆ. ಅಜ್ಜಿ ಗಾಜಿಗೆ ಮೂಗು ಒತ್ತಿ ನೋಡಿ ಪಿಸುಗುಟ್ಟಿದರು. "ಉಸಿರಾಡ್ತಾ ಅವ್ರಾ ಕಣವ್ವ?"

ನಾನು ಗಾಜು ಬಡಿದೆ. "ರೀ, ಬದುಕಿದ್ದೀರಿ ಅಂತ ಇವರಿಗೆ ಸ್ವಲ್ಪ ತೋರಿಸಿ!"

ಅವರು ಗಾಜು ಇಳಿಸಿ ಕೈ ಮುಗಿದರು. "ಇದ್ದೀನಿ ತಾಯಿ. ಇವಳನ್ನ ಕಟ್ಕೊಂಡ ಮೇಲೂ ಇದ್ದೀನಿ."

ಅಂಗಡಿಯಿಂದ ಅಕ್ಕಿ, ಬೆಲ್ಲ, ಕಾಯಿ, ಬಳೆ, ರವಿಕೆ ಕಣ ಬಂದವು. ಹುಡುಗಿ ಸೆರಗೊಡ್ಡಿ ಕೂತಳು. ಅಜ್ಜಿ ಬಗ್ಗಿ ಹುಡುಕಿದರು. "ಫೀಸಿನ ದುಡ್ಡೆಲ್ಲಿ?"

"ಅದು ಫೋನಿನಲ್ಲಿದೆ ಅಜ್ಜಿ."

"ಅಂಗಾರೆ ಫೋನ ಮಡ್ಲಿಗಾಕಿ."

ಹಾಕಿದೆ. ಅಜ್ಜಿ ಅದಕ್ಕೂ ಅರಿಶಿನ ಕುಂಕುಮ ಇಟ್ಟರು. ಹುಡುಗಿ ಅಕ್ಕಿಯ ಮೇಲಿಂದಲೇ ಫೋನು ಎತ್ತಿಕೊಂಡು ಕಾಲೇಜಿನ ವಿವರ ತುಂಬಿದಳು, ನಾನು ಗುಟ್ಟಿನ ನಂಬರು ಒತ್ತಿದೆ. ಮಧ್ಯಾಹ್ನಕ್ಕೆ ಮೊದಲೇ ಫೀಸು ಸಂದಾಯವಾಯಿತು. ಸೀಟು ಉಳಿಯಿತು.

ಒಟ್ಟು ಖರ್ಚು ಹೀಗೆ: ಒಂದು ವರ್ಷದ ಕಾಲೇಜು ಫೀಸು. ಮಡಿಲಿನ ಸಾಮಾನು. ಸುದ್ದಿ ತಿಳಿದು ಜಗಲಿಯಲ್ಲಿ ಬಂದು ಕೂತ ಆ ಬೀದಿಯ ಮುತ್ತೈದೆಯರಿಗೆಲ್ಲ ಒಂದೊಂದು ರವಿಕೆ ಕಣ. ಅರಿಶಿನ ಹೊಕ್ಕು ಚಾರ್ಜ್ ಹಿಡಿಯದ ಫೋನಿನ ರಿಪೇರಿ. ಇಷ್ಟಲ್ಲದೆ, ಅಜ್ಜಿಯ ಕರಾರಿನಂತೆ, ಓದು ಮುಗಿಯುವವರೆಗೆ ವರ್ಷವರ್ಷವೂ ನಮ್ಮ ಯಜಮಾನರನ್ನು ರಾಮಾಪುರಕ್ಕೆ ಕರೆದೊಯ್ದು, ಎಚ್ಚರವಾಗಿ, ತೋರಿಸಿ ಬರಬೇಕು.