ಇಪ್ಪತ್ತು ಅಕ್ಷರದ ವಿಳಾಸ

ತಪ್ಪೆಲ್ಲ ಒಂದು ಪುಟ್ಟ ಪೆಟ್ಟಿಗೆಯದು. ಎರೇದಿಯಾ ಎಂಬ ಊರಿನ ಬೇಕರಿಗೆ ಕೇಕ್ ಆರ್ಡರ್ ಮಾಡುವ ಆ್ಯಪ್ ಬರೆಯುವಾಗ, ವಿಳಾಸದ ಪೆಟ್ಟಿಗೆಗೆ ಇಪ್ಪತ್ತು ಅಕ್ಷರ ಧಾರಾಳ ಸಾಕು ಅಂದುಕೊಂಡ ಎಲಿಯೆಸರ್. ಯಾವುದೋ ಪರದೇಶದ ಮಾದರಿ ನೋಡಿ ಮಾಡಿದ್ದು. ಅಲ್ಲಿ ಬೀದಿಯ ಹೆಸರು, ಮನೆ ನಂಬರು ಹಾಕಿದರೆ ಮುಗಿಯಿತು. ಕೋಸ್ಟರಿಕಾದಲ್ಲಿ ಯಾರ ಮನೆಗೆ ನಂಬರಿದೆ? ಇಲ್ಲಿನವರು "ಹಳೇ ಸೋಪಿನ ಕಾರ್ಖಾನೆ ಇದ್ದ ಮೂಲೆಯಿಂದ ಇನ್ನೂರು ಮೀಟರ್ ದಕ್ಷಿಣಕ್ಕೆ, ಐವತ್ತು ಪೂರ್ವಕ್ಕೆ, ಹಸಿರು ಗೇಟು, ಕುಂಟ ನಾಯಿ" ಅಂತ, ಊರಿಡೀ ಆ ಮೂಲೆಯಿಂದಲೇ ಶುರುಮಾಡಿ ಬರೆಯುವವರು. ಎಲಿಯೆಸರನೂ ಇಲ್ಲೇ ಹುಟ್ಟಿದವನು. ಕಂಪ್ಯೂಟರ್ ಮುಂದೆ ಕೂತ ಕೂಡಲೇ ಊರು ಮರೆತ.

ಅಮ್ಮಂದಿರ ಹಬ್ಬದ ದಿನವೇ ಆ್ಯಪ್ ಶುರುವಾಯಿತು. ಹತ್ತು ಗಂಟೆಗೆ, ಬೇಕರಿಯ ವ್ಯಾನ್ ಓಡಿಸುವ ಹೆರಾರ್ದೋ ಫೋನ್ ಮಾಡಿದ.

"ಇಪ್ಪತ್ತೇಳು ಕೇಕಿಗೂ ಒಂದೇ ವಿಳಾಸ ಕಣಪ್ಪ. 'ಹಳೇ ಸೋಪಿನ ಕಾರ್ಖಾನೆ ಇದ್ದ ಮೂಲೆಯಿಂದ.' ಕೊನೇಲಿ ಒಂದಕ್ಕೆ 'ಇ' ಅಂತಿದೆ, ಇನ್ನೊಂದಕ್ಕೆ 'ನೂ' ಅಂತಿದೆ. ಅದೇನೋ ಅರ್ಥ ಆಗ್ಲಿಲ್ಲ, ಎಲ್ಲಾ ಆ ಮೂಲೇಲೇ ಇಳಿಸಿ ಬಂದೆ. ಇಷ್ಟು ಸಲೀಸು ಕೆಲಸ ನಂಗೆ ಯಾವತ್ತೂ ಸಿಕ್ಕಿರ್ಲಿಲ್ಲ."

ಎಲಿಯೆಸರ್ ಗಡಿಯಾರ ನೋಡಿದ. ಸಂಜೆ ಐದಕ್ಕೆ 'ಪ್ರಾಜೆಕ್ಟಿನಿಂದ ಕಲಿತ ಪಾಠಗಳು' ಎಂಬ ಮೀಟಿಂಗಿತ್ತು. ಬೇಕರಿಯ ಒಡತಿ ದೋನ್ಯಾ ಸೊರೈದಾ (ಇಲ್ಲಿ ಹಿರಿಯ ಹೆಂಗಸರೆಲ್ಲ 'ದೋನ್ಯಾ') ಅದರಲ್ಲಿ ಪ್ರತಿ ತಪ್ಪನ್ನೂ ಮಾಡಿದವರ ಹೆಸರಿನ ಸಮೇತ ಓದಿ ಹೇಳುತ್ತಿದ್ದರು. ಹಿಂದಿನ ಪ್ರಾಜೆಕ್ಟಿನಲ್ಲಿ ಒಂದು ಸೊನ್ನೆ ಹೆಚ್ಚಿಗೆ ಹಾಕಿದ್ದಕ್ಕೆ ಇಡೀ ಬೇಕರಿ ಅವನನ್ನು ಮೂರು ವರ್ಷ 'ಸೊನ್ನೆ' ಎಂದೇ ಕರೆದಿತ್ತು. ಈಗಷ್ಟೇ ಮರೆತಿದ್ದರು. ಇನ್ನೊಂದು ಅಡ್ಡಹೆಸರು ಹೊರುವ ಶಕ್ತಿ ಅವನಿಗಿರಲಿಲ್ಲ. ಪೆಟ್ಟಿಗೆಯನ್ನು ಮುನ್ನೂರು ಅಕ್ಷರಕ್ಕೆ ಹಿಗ್ಗಿಸಿ (ಆಗಲೇ ತುಂಡಾದ ವಿಳಾಸಗಳು ಮರಳಿ ಬರುವಂತಿರಲಿಲ್ಲ), ಯಾರಿಗೂ ಹೇಳದೆ ಆ ಮೂಲೆಗೆ ಓಡಿದ.

ಮೂಲೆಯಲ್ಲಿ ಡಬ್ಬಗಳು ಗೋಡೆ ಕಟ್ಟಿದಂತೆ ನಿಂತಿದ್ದವು. ಅವುಗಳ ಮೇಲೆ ಅಮ್ಮಂದಿರ ಹೆಸರಿತ್ತು, ಮನೆಯ ಸುಳಿವಿರಲಿಲ್ಲ. ಬಿಸಿಲಿಗೆ ಕ್ರೀಮು ಇಳಿಯತೊಡಗಿತ್ತು. ಎಲಿಯೆಸರ್ ಡಬ್ಬಗಳ ನಡುವೆ ಕುಕ್ಕರಿಸಿ ಅತ್ತೇಬಿಟ್ಟ.

ಎದುರು ಮನೆಯ ಮುದುಕಿ ದೋನ್ಯಾ ಎರ್ಮಿದಾ ಕುರ್ಚಿ ಎಳೆದುಕೊಂಡು ಬಂದರು. "ಅಳೋದು ಆಮೇಲೆ ಮಗನೇ, ಮೊದ್ಲು ಹೆಸರು ಓದು."

"ರೊಸಲಿಯಾ ಚಾವರ್ರಿಯಾ."

"ಹಲ್ಲಿನ ಡಾಕ್ಟರ ಮನೆಯಿಂದ ಎಪ್ಪತ್ತೈದು ಮೀಟರ್ ಮೇಲಕ್ಕೆ."

"ಡಾಕ್ಟರ ಮನೆ ಎಲ್ಲಿ?"

"ಅವ್ರು ಸತ್ತು ಇಪ್ಪತ್ತು ವರ್ಷ ಆಯ್ತಲ್ಲೋ. ಈಗ ಅಲ್ಲಿ ಟೈರ್ ಅಂಗಡಿ. ಈ ಊರೋನಾಗಿ ಇಷ್ಟೂ ಗೊತ್ತಿಲ್ವಾ ನಿಂಗೆ?"

ಹೀಗೆ ಕೆಡವಿದ ಸಿನಿಮಾ ಮಂದಿರ, ಕಡಿದ ಮಾವಿನಮರ, ಮುಚ್ಚಿದ ಔಷಧಿ ಅಂಗಡಿಗಳ ಗುರುತು ಹಿಡಿದು ಅವನು ಬೀದಿ ಬೀದಿ ಸುತ್ತಿದ. ಹೋದಲ್ಲೆಲ್ಲ ಅಮ್ಮಂದಿರು ಅವನನ್ನು ಕೂರಿಸಿ ಕಾಫಿ ಕೊಟ್ಟರು. "ಯಾಕಪ್ಪ ಕಣ್ಣು ಕೆಂಪಗಿದೆ?" ಎಂದು ಕೇಳಿ, ಪೂರ್ತಿ ಕತೆ ಹೊರಡಿಸಿಯೇ ಬಿಟ್ಟರು. ಹನ್ನೊಂದನೆಯ ಕಾಫಿಯಾದ ಮೇಲೆ ಅವನು ಲೆಕ್ಕ ಬಿಟ್ಟ. ನಾಲ್ಕೂವರೆಗೆ ಕೊನೆಯ ಕೇಕು ಮುಟ್ಟಿತು.

ಐದಕ್ಕೆ ಮೀಟಿಂಗು. "ಇಪ್ಪತ್ತೇಳು ಕೇಕೂ ತಲುಪಿವೆ, ಒಂದು ದೂರೂ ಇಲ್ಲ. ಕಲಿತ ಪಾಠ ಏನಾದ್ರೂ ಇದೆಯಾ?" ಎಂದರು ದೋನ್ಯಾ ಸೊರೈದಾ.

"ವಿಳಾಸಕ್ಕೆ ಜಾಸ್ತಿ ಜಾಗ ಬಿಡ್ಬೇಕು ಅಂತ, ದೋನ್ಯಾ."

"ಯಾರದು ತಪ್ಪು?"

"ತಪ್ಪು ಅಂತ ಏನಿಲ್ಲ. ಬೆಳಗ್ಗೇನೇ ಸರಿ ಹೋಯ್ತು."

ಒಡತಿ ಪಾಠ ಬರೆದುಕೊಂಡರು, ಹೆಸರಿನ ಜಾಗ ಖಾಲಿ ಬಿಟ್ಟರು. ಎಲಿಯೆಸರನಿಗೆ ಹೋದ ಜೀವ ಬಂದಂತಾಯಿತು. ಬದುಕಿದೆ ಅಂದುಕೊಂಡು ಕುರ್ಚಿಗೆ ಒರಗಿ, ಬೆಳಗಿನಿಂದ ಮೊದಲ ಸಲ ಹಾಯಾಗಿ ಉಸಿರು ಬಿಟ್ಟ.

ಅಷ್ಟರಲ್ಲಿ ಗೋಡೆಯ ಪರದೆಯ ಮೇಲೆ ಹೊಸ ಆರ್ಡರ್ ಮೂಡಿತು. ಹಿಗ್ಗಿಸಿದ ಪೆಟ್ಟಿಗೆ ಹೇಗಿದೆ ನೋಡೋಣ ಎಂದು ದೋನ್ಯಾ ಸೊರೈದಾ ಕನ್ನಡಕ ಏರಿಸಿ, ಎಲ್ಲರಿಗೂ ಕೇಳುವಂತೆ ವಿಳಾಸ ಓದಿದರು.

"ಎಲಿಯೆಸರ್ ಇಪ್ಪತ್ತೇಳು ಕೇಕಿನ ನಡುವೆ ಕೂತು ಅತ್ತ ಮೂಲೆಯಿಂದ ನೂರು ಮೀಟರ್ ಉತ್ತರಕ್ಕೆ, ನೀಲಿ ಗೇಟು."

ಒಂದಕ್ಷರವೂ ತುಂಡಾಗಿರಲಿಲ್ಲ.