ಆರು ವೋಲ್ಟಿನ ಟ್ರ್ಯಾಕ್ಟರು, ದೂಡುವವರ ಚಹಾ

ಕರೆಂಟು ಕಣ್ಣಿಗೆ ಕಾಣುವುದಿಲ್ಲ. ಟೈರು ಪಂಕ್ಚರ್ ಆದರೆ ತೂತು ತೋರಿಸಬಹುದು, ಬೆಲ್ಟು ಹರಿದರೆ ಹರಿದ ಬೆಲ್ಟನ್ನು ಎದುರಿಗೆ ಹಿಡಿಯಬಹುದು. ವೈರಿನೊಳಗೆ ಏನು ನಡೆದಿದೆ ಎಂದು ಯಾರಿಗೆ ಹೇಗೆ ತೋರಿಸುವುದು? ಕಾಣದ ವಸ್ತುವಿನ ಬಗ್ಗೆ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇದ್ದೇ ಇರುತ್ತದೆ. ಹೀಗಾಗಿ ಗಾಡಿಗಳ ವೈರಿಂಗ್ ಮಾಡುವ ನನ್ನಂಥವನ ಅಂಗಡಿಯಲ್ಲಿ ನಗುವ ಪ್ರಸಂಗಗಳಿಗೆ ಎಂದೂ ಬರವಿಲ್ಲ.

ನನ್ನ ಅಂಗಡಿ ಶಹಾಬಜಾರದ ಓಣಿಯಲ್ಲಿತ್ತು. ಊರಿಗೆ ಇನ್ನೂ ಗುಲ್ಬರ್ಗಾ ಎನ್ನುತ್ತಿದ್ದ ಎಂಬತ್ತರ ದಶಕದ ಮಾತು. ಅಲ್ಲಿ ಕಂಡದ್ದನ್ನೆಲ್ಲ ಹೇಳುತ್ತ ಕೂತರೆ ಮುಗಿಯುವುದಿಲ್ಲ. ಕಮಲಾಪುರದ ಒಂದು ಹಳೆಯ ಟ್ರ್ಯಾಕ್ಟರಿನ ಸಂಗತಿಯನ್ನಷ್ಟೇ ಹೇಳುತ್ತೇನೆ.

೧. ಲೈಟು ಆರಾ?

ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ಮಾಲಕರೊಬ್ಬರು ಒಂದು ದಿನ ಅಂಗಡಿಗೆ ಬಂದರು. ಕೈಯಲ್ಲಿ ಕರವಸ್ತ್ರದಲ್ಲಿ ಸುತ್ತಿದ ಒಂದು ಬಲ್ಬು. ಅವರ ತಂದೆ ಕೊಂಡಿದ್ದ ಟ್ರ್ಯಾಕ್ಟರು ಅದು, ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವಂಥದು. ಬೆಳಿಗ್ಗೆ ಸೆಲ್ಫ್ ಒತ್ತಿದರೆ ಒಮ್ಮೆ ಗೊರ್ ಎಂದು ಸುಮ್ಮನಾಗುತ್ತಿತ್ತಂತೆ. ಆಮೇಲೆ ಓಣಿಯ ಮಂದಿ ಸೇರಿ ದೂಡಬೇಕು. ದೂಡಿದವರಿಗೆ ಚಹಾ ಕೊಡದೆ ಕಳಿಸುವುದುಂಟೇ? ದಿನಾ ಚಹಾ ಮಾಡಿ ಮಾಡಿ ಅವರ ಹೆಂಡತಿಗೆ, ನಾವೆಲ್ಲ ಅಕ್ಕಾರು ಅನ್ನುವವರಿಗೆ, ಸಾಕಾಗಿ ಹೋಗಿತ್ತು.

ಅಕ್ಕಾರು ಈಗ ಕಡೆಯ ಮಾತು ಹೇಳಿಬಿಟ್ಟಿದ್ದರು. ಬರುವ ಸೋಮವಾರ ಗುಜರಿಯವನು ಬರುತ್ತಾನೆ. ಅಂದು ಟ್ರ್ಯಾಕ್ಟರು ಯಾರೂ ದೂಡದೆ ತಾನೇ ಶುರುವಾದರೆ ಮನೆಯಲ್ಲಿ ಇರಲಿ, ಇಲ್ಲದಿದ್ದರೆ ತಕ್ಕಡಿ ಏರಲಿ. ಇದನ್ನು ಹೇಳುವಾಗ ಮಾಲಕರ ದನಿ ಸಣ್ಣದಾಯಿತು. ಅಪ್ಪ ಕೂತ ಸೀಟು ಎಂದು ಅವರು ಅದರ ಮೇಲೆ ಟವೆಲ್ಲು ಹಾಸದೆ ಕೂತವರಲ್ಲ. ನನಗೂ ಅಯ್ಯೋ ಅನಿಸಿತು.

ಅಂಥ ಹಳೆಯ ಗಾಡಿಗಳಲ್ಲಿ ಆರು ವೋಲ್ಟಿನ ಬ್ಯಾಟರಿ ಇರುತ್ತಿತ್ತು, ಆಮೇಲೆ ಬಂದವಕ್ಕೆ ಹನ್ನೆರಡು. ಅವರದು ಯಾವುದೆಂದು ತಿಳಿಯಬೇಕಿತ್ತು. ಬಲ್ಬಿನ ಮೇಲಿನ ಅಕ್ಷರ ಅಳಿಸಿ ಹೋಗಿತ್ತು.

"ಮಾಲಕ್ರೇ, ಲೈಟು ಆರಾ?" ಎಂದು ಕೇಳಿದೆ.

"ಆರಬೇಕಂದ್ರ ಮೊದಲ ಹತ್ತಬೇಕಲ್ರೀ ಮಿಸ್ತ್ರಿ" ಅಂದರು.

೨. ಅರ್ಥ ಆಗುವ ತನಕ

ಅದು ಆರರದೇ ಆಗಿತ್ತು. ಸೆಲ್ಫಿಗೆ ಆ ಬಲ ಸಾಲದು, ಆರನ್ನು ಹನ್ನೆರಡು ಮಾಡುವುದೆಂದು ಮಾತಾಯಿತು. ಟ್ರ್ಯಾಕ್ಟರು ಅಂಗಡಿಗೆ ಬಂತು, ಒಂಟಿಯಾಗಿ ಅಲ್ಲ. ದಾರಿಯಲ್ಲಿ ನಿಂತರೆ ದೂಡುವವರು ಯಾರು ಎಂದು ಮಾಲಕರು ತಮ್ಮ ಓಣಿಯ ಆರು ಮಂದಿಯನ್ನೂ ಟ್ರಾಲಿಯಲ್ಲಿ ಕೂರಿಸಿಕೊಂಡೇ ಬಂದಿದ್ದರು. ಅವರಲ್ಲಿ ಒಬ್ಬ ದರ್ಜಿ, ಒಬ್ಬ ಹಿಟ್ಟಿನ ಗಿರಣಿಯವನು, ಒಬ್ಬರು ರಿಟೈರಾದ ಕನ್ನಡ ಮಾಸ್ತರರು. ಟ್ರಾಲಿ ನಮ್ಮ ಓಣಿಯೊಳಗೆ ಹಿಡಿಸಲಿಲ್ಲ, ಬಯಲಿನಲ್ಲೇ ಬಿಟ್ಟರು. ಟ್ರ್ಯಾಕ್ಟರು ಒಳಗೆ ಬಂದ ಮೇಲೆ ಸೈಕಲ್ಲಿಗೂ ದಾರಿ ಉಳಿಯಲಿಲ್ಲ. ಎದುರಿನ ಬಳೆ ಅಂಗಡಿಯವರು ತಾವು ದುಕಾನು ತೆರೆದಿರಬೇಕೋ ಮುಚ್ಚಬೇಕೋ ಎಂದು ನನ್ನನ್ನೇ ಕೇಳಿದರು.

ನಾನು ಹಳೆಯ ಡೈನಮೋ ಬಿಚ್ಚಿ ಜೀಪಿನ ಡೈನಮೋ ಕೂರಿಸಿದೆ, ಕಾಯಿಲು ಬದಲಿಸಿದೆ, ಬಲ್ಬು ಬದಲಿಸಿದೆ, ಹನ್ನೆರಡರ ಬ್ಯಾಟರಿ ಇಟ್ಟೆ. ಆರು ಮಂದಿ ನನ್ನ ಕಟ್ಟೆಯ ಮೇಲೆ ಸಾಲಾಗಿ ಕೂತು ನೋಡಿದರು. ಹನ್ನೆರಡಾದರೆ ಓಟವೂ ಇಮ್ಮಡಿಯಾಗುತ್ತದೆಯೇ ಎಂದು ಗಿರಣಿಯವನು ಕೇಳಿದ. ಅರ್ಧ ತೋಳಿನ ಅಂಗಿಗೆ ಪೂರ್ತಿ ತೋಳು ಹಚ್ಚಿದರೆ ಅಂಗಿ ಉದ್ದವಾಗುತ್ತದೇನು ಎಂದು ದರ್ಜಿ ಅವನ ಬಾಯಿ ಮುಚ್ಚಿಸಿದ.

ಎಲ್ಲ ಆದರೂ ಲೈಟು ಮಾತ್ರ ಹತ್ತಲಿಲ್ಲ. ಬ್ಯಾಟರಿಯ ಒಂದು ವೈರು ಗಾಡಿಯ ಮೈಗೆ ಹೋಗುತ್ತದೆ, ಅದಕ್ಕೆ ನಾವು ಅರ್ಥ್ ಅನ್ನುತ್ತೇವೆ. ಅದು ಕೂಡುವ ಜಾಗ ತುಕ್ಕು ಹಿಡಿದಿತ್ತು. ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ ನಾನು ಅಲ್ಲಿಂದಲೇ ಹೇಳಿದೆ, "ಅರ್ಥ್ ಸರಿಯಾಗಿ ಆಗಿಲ್ರೀ. ಅದು ಆಗೋ ತನಕ ದೀಪ ಹತ್ತಂಗಿಲ್ಲ."

ಕಟ್ಟೆಯ ಮೇಲೆ ಮಾಸ್ತರರು ನಿಟ್ಟುಸಿರು ಬಿಟ್ಟದ್ದು ನನಗೆ ಕೆಳಗೇ ಕೇಳಿಸಿತು.

"ಅರ್ಥ ಆಗೋ ತನಕ ದೀಪ ಹತ್ತಂಗಿಲ್ಲ. ಸಾಲ್ಯಾಗ ನಾ ಇದನ್ನೇ ಹೇಳಿ ಹೇಳಿ ರಿಟೈರಾದೆ. ಒಬ್ಬನೂ ಕೇಳ್ಲಿಲ್ಲ" ಅಂದರು.

೩. ದನಿ ಮೊದಲು, ಗಾಡಿ ಆಮೇಲೆ

ಹಾರ್ನು ಮಾತ್ರ ಬದಲಿಸಬೇಡಿ ಎಂದು ಮಾಲಕರು ಹಟ ಹಿಡಿದರು. ಅಪ್ಪ ತೋಟದಿಂದ ಬರುವಾಗ ಆ ಹಾರ್ನು ಕೇಳಿಯೇ ಅವ್ವ ಒಲೆಯ ಮೇಲೆ ಹೆಂಚು ಇಡುತ್ತಿದ್ದಳಂತೆ. ಆರಕ್ಕೆ ಮಾಡಿದ ಹಾರ್ನಿಗೆ ಹನ್ನೆರಡು ಕೊಟ್ಟರೆ ಸುಟ್ಟುಹೋದೀತು ಎಂದೆ. ಸುಟ್ಟರೆ ಸುಡಲಿ ಅಂದರು. ಸುಡಲಿಲ್ಲ. ಆದರೆ ಮೊದಲು ಮೇಕೆಯ ಹಾಗೆ ಕೂಗುತ್ತಿದ್ದದ್ದು ಈಗ ಲಾರಿಯ ಹಾಗೆ ಅರಚತೊಡಗಿತು. ಬಳೆ ಅಂಗಡಿಯವರು ಆಗ ದುಕಾನು ಮುಚ್ಚಿದರು.

ಒಮ್ಮೆ ಕಮಲಾಪುರ ಮುಟ್ಟುವ ತನಕ ಜೊತೆಗೆ ಬನ್ನಿ ಎಂದು ಮಾಲಕರು ನನ್ನನ್ನೂ ಮಡ್‌ಗಾರ್ಡಿನ ಮೇಲೆ ಕೂರಿಸಿಕೊಂಡರು. ಮಹಾಗಾಂವದ ಹತ್ತಿರ, ನಮ್ಮ ಮುಂದೆ ದೂರದಲ್ಲಿ ಒಂದು ಬಸ್ಸು ಕಂಡಿತು. ಮಾಲಕರಿಗೆ ಹಾರ್ನು ಒತ್ತುವ ಉಮೇದು. ಒತ್ತಿದ್ದೇ ಒತ್ತಿದ್ದು. ಹಿಂದೆ ದೊಡ್ಡ ಲಾರಿ ಅವಸರದಲ್ಲಿದೆ ಎಂದು ಬಸ್ಸಿನ ಡ್ರೈವರ್ ಪಾಪ ರಸ್ತೆ ಬಿಟ್ಟು ಪಕ್ಕಕ್ಕೆ ನಿಲ್ಲಿಸಿದ. ನಾವು ಎತ್ತಿನ ಗಾಡಿಯ ನಡಿಗೆಯಲ್ಲಿ ಹೊರಟಿದ್ದೆವು. ಬಸ್ಸಿನ ಮಂದಿ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಲಾರಿಯ ದಾರಿ ಕಾದರು. ಕೆಲವರು ಕೆಳಗಿಳಿದು ಬೀಡಿ ಹಚ್ಚಿದರು. ಬೀಡಿ ಮುಗಿಯುವ ಹೊತ್ತಿಗೆ ನಾವು ಬಸ್ಸಿನ ಪಕ್ಕಕ್ಕೆ ಬಂದೆವು.

ಡ್ರೈವರ್ ಟ್ರ್ಯಾಕ್ಟರನ್ನು ಮೇಲಿಂದ ಕೆಳಗೆ ನೋಡಿದ. "ದನಿ ಯಾವಾಗೋ ಬಂದು ಹೋತು. ಗಾಡಿ ಈಗ ಬರ್ಲಾಕತ್ತದೇನು?" ಅಂದ.

೪. ಸೋಮವಾರ

ಸೋಮವಾರ ನಾನೂ ಕಮಲಾಪುರದಲ್ಲಿದ್ದೆ. ನನ್ನ ಕೆಲಸವೂ ಅಂದು ಪರೀಕ್ಷೆಗೆ ಕೂತಿತ್ತಲ್ಲ. ಗುಜರಿಯವನು ಸೈಕಲ್ಲಿಗೆ ತಕ್ಕಡಿ ಕಟ್ಟಿಕೊಂಡು ಬಂದು, ಸೈಕಲ್ಲನ್ನು ಮನೆಯ ಮುಂದಿನ ಬೇವಿನ ಮರಕ್ಕೆ ಒರಗಿಸಿ, ತಕ್ಕಡಿ ಬಿಚ್ಚಿ ಕೈಯಲ್ಲಿ ಹಿಡಿದು ದೂರ ನಿಂತಿದ್ದ. ಅಷ್ಟು ದೊಡ್ಡ ಟ್ರ್ಯಾಕ್ಟರನ್ನು ಅಷ್ಟು ಸಣ್ಣ ತಕ್ಕಡಿಯಲ್ಲಿ ಹೇಗೆ ತೂಗುತ್ತೀ ಎಂದು ಗಿರಣಿಯವನು ಕೇಳಿದ್ದಕ್ಕೆ, ಬಿಡಿಬಿಡಿಯಾಗಿ ಎಂದ. ಆ ಮಾತು ಕೇಳಿ ಮಾಲಕರ ಮುಖ ಬಿಳುಪೇರಿತು. ಅಕ್ಕಾರು ಹೊಸ್ತಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ದೂಡುವವರು ಯಾರೂ ಮುಟ್ಟಕೂಡದು ಎಂದು ಅವರದು ಕಟ್ಟಪ್ಪಣೆ. ಆರು ಮಂದಿಯೂ ಕೈ ಹಿಂದೆ ಕಟ್ಟಿಕೊಂಡು ದೂರ ನಿಂತರು.

ಇಲ್ಲಿ ಒಂದು ಮಾತು ಹೇಳಬೇಕು. ದೂಡಿ ಶುರು ಮಾಡುವವರು ಗಾಡಿಯನ್ನು ಗೇರಿನಲ್ಲಿ ಇಟ್ಟು ಕ್ಲಚ್ ಒತ್ತಿ ಹಿಡಿಯುತ್ತಾರೆ. ಗಾಡಿ ಉರುಳಿದ ಮೇಲೆ ಕ್ಲಚ್ಚನ್ನು ಫಟ್ಟನೆ ಬಿಡುತ್ತಾರೆ. ಸೆಲ್ಫ್ ಇದ್ದವರು ಗೇರು ತೆಗೆದು ಶುರು ಮಾಡಬೇಕು. ನಾನು ಇದನ್ನು ಮಾಲಕರಿಗೆ ಹೇಳಿಯೇ ಇದ್ದೆ. ಆದರೆ ವರ್ಷಗಟ್ಟಲೆ ದೂಡಿಸಿಕೊಂಡ ಕಾಲು ನನ್ನ ಮಾತು ಕೇಳುತ್ತದೆಯೇ? ಅವರು ಟವೆಲ್ಲು ಹಾಸಿ ಕೂತರು, ಕೈಮುಗಿದರು, ರೂಢಿಯಂತೆ ಗೇರು ಹಾಕಿ ಕ್ಲಚ್ ಒತ್ತಿ ಸೆಲ್ಫ್ ಒತ್ತಿದರು. ಇಂಜಿನ್ನು ಒಂದೇ ಏಟಿಗೆ ಶುರುವಾಯಿತು. ಆ ಖುಷಿಯಲ್ಲಿ ಕ್ಲಚ್ಚನ್ನು ಫಟ್ಟನೆ ಬಿಟ್ಟರು.

ಟ್ರ್ಯಾಕ್ಟರು ಹಾರಿಬಿದ್ದು ಸೀದಾ ಬೇವಿನ ಮರದ ಕಡೆಗೆ ಹೋಯಿತು. ಮರಕ್ಕೆ ಏನೂ ಆಗಲಿಲ್ಲ, ಮಾಲಕರಿಗೂ ಏನೂ ಆಗಲಿಲ್ಲ. ನಡುವೆ ಇದ್ದದ್ದು ಸೈಕಲ್ಲು.

ಅಕ್ಕಾರು ಗುಜರಿಯವನಿಗೆ ಹೇಳಿದರು, "ಟ್ರ್ಯಾಕ್ಟರ್ ಇರ್ಲಿ ಬಿಡಪ್ಪ. ತಕ್ಕಡಿ ಹ್ಯಾಂಗೂ ತಂದೀದಿ, ಸೈಕಲ್ಲರೆ ತೂಗು."

೫. ಹನ್ನೆರಡಕ್ಕೆ ಎಷ್ಟು ಮಂದಿ

ಇಲ್ಲಿಗೆ ಮುಗಿಯಬೇಕಿತ್ತು. ಕೆಲವು ತಿಂಗಳ ಮೇಲೆ ಮಾಲಕರು ಮತ್ತೆ ನನ್ನ ಅಂಗಡಿಯಲ್ಲಿ. ಹೊಸ ಸೈಕಲ್ಲು ಗುಜರಿಯವನಿಗೆ ಸೇರಿತ್ತು, ಟ್ರ್ಯಾಕ್ಟರು ದಿನಾ ತಾನೇ ಶುರುವಾಗುತ್ತಿತ್ತು, ಆದರೂ ಮುಖ ಸಪ್ಪಗಿತ್ತು. ಬಹಳ ಹೊತ್ತು ಅದೂ ಇದೂ ಮಾತಾಡಿ ಕಡೆಗೆ ಬಾಯಿ ಬಿಟ್ಟರು. ಈಗ ಬೆಳಿಗ್ಗೆ ಅವರ ಮನೆಯ ಕಟ್ಟೆಗೆ ಯಾರೂ ಬರುವುದಿಲ್ಲ. ಸುಮ್ಮನೆ ಚಹಾಕ್ಕೆ ಕರೆದರೆ ಮಾನವಂತರು ಬರುತ್ತಾರೆಯೇ? ಕೆಲಸವಿದ್ದರೆ ಬರುತ್ತಾರೆ. ಹೆಂಡತಿಗೆ ಗೊತ್ತಾಗದ ಹಾಗೆ ಆಗಾಗ ಕೆಡುವಂಥದೇನಾದರೂ ಮಾಡಿಕೊಡಿ ಎಂದು ಕೇಳಿದರು. ನಾನು ಸೀಟಿನ ಕೆಳಗೆ ಒಂದು ಗುಪ್ತ ಸ್ವಿಚ್ಚು ಕೂರಿಸಿಕೊಟ್ಟೆ. ಒತ್ತಿಟ್ಟರೆ ಸೆಲ್ಫ್ ಸತ್ತ ಹಾಗೆ. ನಾಲ್ಕು ಹೆಜ್ಜೆ ದೂಡಿದ ಮೇಲೆ ಎತ್ತಿದರೆ ಇಂಜಿನ್ನು ಶುರು. ಇಷ್ಟು ಚೆನ್ನಾಗಿ ರಿಪೇರಿ ಮಾಡಿದ್ದನ್ನು ಕೈಯಾರೆ ಕೆಡಿಸಿದ್ದು ನನಗೆ ಅದೊಂದೇ ಸಲ.

ಮುಂದಿನ ವಾರ ಅಕ್ಕಾರು ಬಸ್ಸಿನಲ್ಲಿ ಬಂದರು, ಉಡಿಯಲ್ಲಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕಟ್ಟಿಕೊಂಡು. ಮಾಲಕರು ಇನ್ನೂ ಸ್ವಿಚ್ಚು ಮುಟ್ಟುವ ಧೈರ್ಯ ಮಾಡಿರಲಿಲ್ಲವೆಂದು ಅವರ ಮಾತಿನಿಂದಲೇ ತಿಳಿಯಿತು.

"ಮಿಸ್ತ್ರಿ, ಹನ್ನೆರಡು ಇದ್ದದ್ದು ಮತ್ತ ಆರು ಆಗ್ತದೇನ್ರೀ?" ಎಂದು ಕೇಳಿದರು.

ನಾನು ಬೆರಗಾಗಿ ಅವರ ಮುಖ ನೋಡಿದೆ. ಯಾರ ಸೊಸೆ ಬಂದಳು, ಯಾರ ಆಕಳು ಈದಿತು, ಒಂದೂ ಸುದ್ದಿ ಗೊತ್ತಾಗುವುದಿಲ್ಲವಂತೆ. ಬೆಳಿಗ್ಗೆ ಮನೆ ಬಣಗುಡುತ್ತದಂತೆ. ಆ ಮುದುಕ ಟ್ರ್ಯಾಕ್ಟರು ಗೊರ್ ಎಂದು ಸುಮ್ಮನಾಗುತ್ತಿದ್ದದ್ದೇ ಚೆನ್ನಾಗಿತ್ತು, ತಾನೇ ಬೈದು ಕೆಡಿಸಿಕೊಂಡೆ ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಹಾಗೆಂದು ಗಂಡನ ಮುಂದೆ ಹೇಳುವಂತಿಲ್ಲ, ಜನ್ಮವಿಡೀ ಆಡಿಕೊಳ್ಳುತ್ತಾರೆ. ಮಾಲಕರ ಗುಟ್ಟು ಬಿಟ್ಟುಕೊಡುವಂತಿಲ್ಲ, ಅಕ್ಕಾರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಬ್ಯಾಟರಿಯ ಮೇಲಿನ ವೈರನ್ನು ಹೇಗೆ ಸಡಿಲಿಸಿ ಸರಿಸಬೇಕೆಂದು ತೋರಿಸಿಕೊಟ್ಟೆ. ಮಂದಿ ಬಂದ ಕೂಡಲೇ ತಿರುಗಿ ಹಚ್ಚಿಬಿಡಿ, ಅದಿಲ್ಲದೆ ದೂಡಿದರೂ ಶುರುವಾಗುವುದಿಲ್ಲ ಎಂದು ಒತ್ತಿ ಹೇಳಿದೆ.

ದೈವವೆಂದರೆ ಇಬ್ಬರೂ ಒಂದೇ ಬೆಳಿಗ್ಗೆ ಧೈರ್ಯ ಮಾಡಿದರು. ಅಕ್ಕಾರು ಎದ್ದವರೇ ವೈರು ಸರಿಸಿ, ದೊಡ್ಡ ಪಾತೇಲಿಯಲ್ಲಿ ಚಹಾಕ್ಕೆ ನೀರಿಟ್ಟರು. ಮಾಲಕರು ಸ್ವಿಚ್ಚು ಒತ್ತಿ, ಕೆಟ್ಟಿತೆಂದು ಓಣಿಗೆಲ್ಲ ಕೂಗಿದರು. ಆರು ಮಂದಿ ಹಬ್ಬಕ್ಕೆ ಬಂದ ಹಾಗೆ ಓಡಿ ಬಂದರು. ಅವರನ್ನು ಕಂಡ ಸಂತೋಷದಲ್ಲಿ ಅಕ್ಕಾರಿಗೆ ವೈರು ಮರೆತೇ ಹೋಯಿತು. ನಾಲ್ಕು ಹೆಜ್ಜೆಗೆ ಮಾಲಕರು ಸ್ವಿಚ್ಚು ಎತ್ತಿದರು. ಇಂಜಿನ್ನು ಉಸಿರೆತ್ತಲಿಲ್ಲ. ಓಣಿ ಮುಗಿಯಿತು, ಉಸಿರೆತ್ತಲಿಲ್ಲ. ಬಜಾರಿನಲ್ಲಿ ಇನ್ನೂ ಆರು ಮಂದಿ ಕೈಹಚ್ಚಿದರು. ಹನ್ನೆರಡು ಮಂದಿ ಸೇರಿ ಬಸ್‌ಸ್ಟ್ಯಾಂಡಿನ ತನಕ ದೂಡಿ ಅಲ್ಲೇ ಕುಸಿದು ಕೂತರು. ನನಗೆ ಕರೆ ಬಂತು.

ನಾನು ಹೋಗುವ ಹೊತ್ತಿಗೆ ಅಕ್ಕಾರು ಚಹಾದ ಪಾತೇಲಿಯನ್ನೇ ಬಸ್‌ಸ್ಟ್ಯಾಂಡಿಗೆ ಹೊತ್ತು ತಂದಿದ್ದರು. ಟ್ರ್ಯಾಕ್ಟರಿನ ಸುತ್ತ ಮಂದಿಯೋ ಮಂದಿ, ಕಮಲಾಪುರದ ಸುದ್ದಿಯೆಲ್ಲ ಅಲ್ಲೇ ಬಿಚ್ಚಿಕೊಂಡಿತ್ತು. ನಾನು ಬಾನೆಟ್ಟು ಎತ್ತಿ ಸಡಿಲಾದ ವೈರು ಕಂಡೆ. ಈ ಕಡೆಯಿಂದ ಮಾಲಕರು ಹೇಳಬೇಡ ಎಂದು ಕಣ್ಣು ಮಿಟುಕಿಸಿದರು. ಆ ಕಡೆಯಿಂದ ಅಕ್ಕಾರು ತುಟಿಯ ಮೇಲೆ ಬೆರಳಿಟ್ಟರು. ನಾನು ಬಾಯಿ ಮುಚ್ಚಿಕೊಂಡು ವೈರು ಬಿಗಿದೆ.

ಅಷ್ಟರಲ್ಲಿ ಬೆವರು ಒರೆಸಿಕೊಳ್ಳುತ್ತ ದರ್ಜಿ ನನ್ನನ್ನು ಪಕ್ಕಕ್ಕೆ ಕರೆದ.

"ಮಿಸ್ತ್ರಿ, ತಪ್ಪು ತಿಳೀಬ್ಯಾಡ್ರಿ. ಆರು ವೋಲ್ಟ್ ಇದ್ದಾಗ ಆರು ಮಂದಿ ದೂಡಿದ್ರ ಸಾಕಾಗ್ತಿತ್ತು. ನೀವು ಹನ್ನೆರಡು ಮಾಡೀರಿ, ಹನ್ನೆರಡು ಮಂದಿ ಬೇಕಾಗ್ಯಾರ. ಇಪ್ಪತ್ನಾಲ್ಕು ಮಾತ್ರ ಮಾಡಬ್ಯಾಡ್ರಿ. ನಮ್ಮ ಓಣ್ಯಾಗ ಅಷ್ಟು ಗಂಡಸರಿಲ್ಲ."